ಮೊದಲು ನೋಟಿಸು, ಆಮೇಲೆ ನೆಂಟಸ್ತನ

ಬೆಂಗಳೂರಿನಲ್ಲಿ ಭಾನುವಾರ ಕಳೆಯುವುದು ಮೊದಲಿನಷ್ಟು ಸುಲಭವಲ್ಲ. ಕಬ್ಬನ್ ಪಾರ್ಕಿನಲ್ಲಿ ನಾಯಿ ಅಡ್ಡಾಡಿಸಿದ್ದಾಯಿತು, ಚರ್ಚ್ ಸ್ಟ್ರೀಟಿನಲ್ಲಿ ಫೋಟೊ ತೆಗೆಸಿಕೊಂಡದ್ದಾಯಿತು, ಬ್ರೂವರಿಗಳಲ್ಲಿ ಕೂತು ಬೇಸರಪಟ್ಟದ್ದೂ ಆಯಿತು. ಇನ್ನು ಉಳಿದಿರುವುದು ಕಲಾವಿದರ ಸ್ಟುಡಿಯೋ. ವಾಟ್ಸಾಪಿನಲ್ಲಿ ಕರೆಯೋಲೆ ಬರುತ್ತದೆ: ಇಂಥ ದಿನ, ಇಂಥ ಬಡಾವಣೆಯಲ್ಲಿ ‘ಓಪನ್ ಸ್ಟುಡಿಯೋ’. ಕಲಾವಿದ ಕೆಲಸ ಮಾಡುವ ಜಾಗಕ್ಕೇ ಹೋಗಿ ನೋಡಬಹುದು. ನಾವು ಹೋದ ದಿನ ಅವನು ಕೆಲಸ ಮಾಡುವುದಿಲ್ಲ ಎನ್ನುವುದು ಬೇರೆ ಮಾತು. ಅದರ ಹಿಂದಿನ ಎರಡು ದಿನವೂ ಮಾಡಿರುವುದಿಲ್ಲ. ನಾವು ಬರುತ್ತೇವೆಂದು ನೆಲ ಉಜ್ಜಿ, ಬಣ್ಣದ ಡಬ್ಬಗಳನ್ನು ಅಸ್ತವ್ಯಸ್ತವಾಗಿ ಕಾಣುವಂತೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿರುತ್ತಾನೆ.

ಭೇಟಿಗೆ ಏನು ತೊಡಬೇಕು ಎಂಬುದೇ ಅರ್ಧ ಕಲೆ. ಬಂದವರೆಲ್ಲ ಕಲಾವಿದರಂತೆಯೇ ಇರುತ್ತಾರೆ. ಅಳತೆಗಿಂತ ಎರಡು ಪಟ್ಟು ದೊಡ್ಡ ಟೀ ಶರ್ಟು, ಆರು ಜೇಬಿನ ಪ್ಯಾಂಟು, ಬಣ್ಣ ಸಿಡಿದ ಶೂ. ಆ ಬಣ್ಣ ಸಿಡಿದದ್ದು ಕಾರ್ಖಾನೆಯಲ್ಲಿ. ಪ್ಯಾರಿಸ್ಸಿನ ಮೇಸೋನ್ ಮಾರ್ಜೆಲಾ ಎಂಬ ಹೆಸರಾಂತ ಫ್ಯಾಷನ್ ಮನೆ ಬಣ್ಣದ ಹನಿ ಚೆಲ್ಲಿಯೇ ಶೂ ಮಾರುತ್ತದೆ. 2017ರಲ್ಲಿ ಅಮೆರಿಕದ ನಾರ್ಡ್‌ಸ್ಟ್ರಾಮ್ ಅಂಗಡಿಯಲ್ಲಿ ಕೃತಕ ಕೆಸರು ಮೆತ್ತಿದ ಜೀನ್ಸನ್ನು 425 ಡಾಲರಿಗೆ ಇಟ್ಟಿದ್ದರು. ಗದ್ದೆಗೆ ಇಳಿಯದೆ ಕೆಸರಾಗುವ ಸೌಲಭ್ಯಕ್ಕೆ ಅಷ್ಟು ಕೊಡಲೇಬೇಕು. ಇತ್ತ ನಿಜವಾದ ಕಲಾವಿದ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂಲೆಯಲ್ಲಿ ನಿಂತಿರುತ್ತಾನೆ. ಇರುವುದರಲ್ಲಿ ಕಲೆಯಿಲ್ಲದ ಒಂದೇ ಅಂಗಿ ಅದು. ಬಂದವರು ಅವನನ್ನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಎಂದುಕೊಂಡು ಟಾಯ್ಲೆಟ್ ಎಲ್ಲಿ ಎಂದು ಕೇಳುತ್ತಾರೆ. ಕುಂಚದ ಬೀಸಿನ ಬಗ್ಗೆ ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ.

ಕಲೆಯಿಲ್ಲದ ಅಂಗಿಯ ಈ ಸಂಪ್ರದಾಯವನ್ನು ಹಾಳು ಮಾಡಿದವನು ಬಾಸ್ಕಿಯಾ. ನ್ಯೂಯಾರ್ಕಿನ ಗೋಡೆಗಳ ಮೇಲೆ ‘ಸೇಮೋ’ ಎಂಬ ಹೆಸರಿನಲ್ಲಿ ಗೀಚುತ್ತಿದ್ದ ಹುಡುಗ ಕೈಯಲ್ಲಿ ಕಾಸು ಓಡಾಡಿದ ಕೂಡಲೇ ಅರ್ಮಾನಿ ಸೂಟು ಕೊಂಡ. ಅದನ್ನು ತೊಟ್ಟುಕೊಂಡೇ ಬಣ್ಣ ಬಳಿದ. ಬಣ್ಣ ಮೆತ್ತಿದ ಅದೇ ಸೂಟಿನಲ್ಲಿ ಪಾರ್ಟಿಗಳಿಗೂ ಹೋದ. ದುಬಾರಿ ಬಟ್ಟೆಗೆ ತಾನೇ ಕಲೆ ಮಾಡಿಕೊಂಡ ಉದ್ಧಟ. ಅವನು 1988ರಲ್ಲಿ, ಇಪ್ಪತ್ತೇಳಕ್ಕೇ ಸತ್ತ. 2017ರಲ್ಲಿ ಅವನ ಒಂದು ಚಿತ್ರ 11 ಕೋಟಿ ಡಾಲರ್ ದಾಟಿ ಹರಾಜಾಯಿತು. ಕೊಂಡವರು ಜಪಾನಿನಲ್ಲಿ ಆನ್‌ಲೈನ್ ಬಟ್ಟೆ ವ್ಯಾಪಾರ ಮಾಡಿ ಶ್ರೀಮಂತರಾದವರು. ಅವನ ಕಿರೀಟದ ಗುರುತು ಈಗ ಯುನಿಕ್ಲೋ ಟೀ ಶರ್ಟಿನ ಮೇಲಿದೆ. ಕಲೆಯಿಲ್ಲದಂತೆ ಒಗೆಯುವ ವಿಧಾನ ಒಳಗಿನ ಲೇಬಲ್ಲಿನಲ್ಲಿದೆ.

ಸ್ಟುಡಿಯೋಗೆ ಮರಳೋಣ. ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ನಿಮ್ಮ ಪ್ರೊಸೆಸ್ ಏನು?’ ಸತ್ಯ ಹೇಳುವುದಾದರೆ ಆ ಪ್ರೊಸೆಸ್ ಬಾಡಿಗೆ ಕರಾರಿನಿಂದ ಶುರುವಾಗಿ, ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಹಾದು, ವಾರಕ್ಕೆ ಮೂರು ದಿನ ಯಾವುದೋ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಮಕ್ಕಳಿಗೆ ಮಡಕೆ ಬರೆಯಲು ಕಲಿಸುವಲ್ಲಿ ಮುಗಿಯುತ್ತದೆ. ಅದನ್ನು ಹೇಳುವಂತಿಲ್ಲವಾದ್ದರಿಂದ ‘ನಗರದ ನೆನಪಿನ ಪದರಗಳನ್ನು ಶೋಧಿಸುತ್ತಿದ್ದೇನೆ’ ಎನ್ನುತ್ತಾನೆ. ಕೇಳಿದವರು ತಲೆಯಾಡಿಸುತ್ತಾರೆ. ಗೋಡೆಯ ಮೇಲೆ ಪದರಗಳಿವೆ: ಎಳೆದ ಅಂಗಡಿ ಷಟರು, ಕಂಬಕ್ಕೆ ಸುತ್ತಿದ ಕೇಬಲ್ಲು, ಆಟೋದ ಹಿಂಬದಿ. ಕ್ಯಾನ್ವಾಸಿನ ಬೆಲೆ ಎಂಬತ್ತು ಸಾವಿರ ಎಂದು ಗೊತ್ತಾದಾಗ ‘ತುಂಬಾ ಇಂಟರೆಸ್ಟಿಂಗ್’ ಎಂಬ ಉದ್ಗಾರ ಬರುತ್ತದೆ. ಕಲಾವಿದರಿಗೆ ಈ ಉದ್ಗಾರದ ಅರ್ಥ ಚೆನ್ನಾಗಿ ಗೊತ್ತು. ಅವರು ಆಗಲೇ ಬಾಗಿಲ ಬಳಿಯ ಮೇಜಿನತ್ತ ಕೈ ತೋರಿಸಿರುತ್ತಾರೆ. ಅಲ್ಲಿ ಅದೇ ಚಿತ್ರ ಮುದ್ರಿಸಿದ ಬಟ್ಟೆ ಚೀಲವಿದೆ, ಸ್ಟಿಕ್ಕರಿದೆ, ಕ್ಯೂಆರ್ ಕೋಡಿದೆ. ಎಲ್ಲರೂ ಚೀಲ ಕೊಳ್ಳುತ್ತಾರೆ. ಕಲೆಯನ್ನು ಬೆಂಬಲಿಸಿದ ಹಗುರ ಮನಸ್ಸಿನಿಂದ ಮೆಟ್ಟಿಲಿಳಿಯುವಾಗ, ಚಿತ್ರದಲ್ಲಿದ್ದ ಆಟೋ ಕೆಳಗೇ ನಿಂತಿದ್ದರೂ ಹತ್ತುವುದಿಲ್ಲ. ಚಾಲಕ ಮೀಟರಿನ ಮೇಲೆ ಮೂವತ್ತು ಕೇಳುತ್ತಾನೆ.

ಆ ಆಟೋದ ಹಿಂದೆ ಬರೆದವನ ಸ್ಟುಡಿಯೋಗೆ ಯಾರೂ ಹೋಗಲಿಲ್ಲ, ಏಕೆಂದರೆ ಅವನಿಗೆ ಸ್ಟುಡಿಯೋ ಇರಲಿಲ್ಲ. ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಮೂರು ಮಹಡಿ ಎತ್ತರದ ರಾಜ್‌ಕುಮಾರ್, ವಿಷ್ಣುವರ್ಧನ್ ಕಟೌಟುಗಳನ್ನು ಕಟ್ಟಿ ನಿಲ್ಲಿಸುತ್ತಿದ್ದ ಕಾಲದಲ್ಲಿ, ಕಣ್ಣೊಂದನ್ನೇ ಆಳೆತ್ತರ ಬರೆದು ದೂರದಿಂದ ನೋಡಿದರೆ ಮುಖ ಸರಿಯಾಗಿ ಕೂಡುವಂತೆ ಮಾಡುತ್ತಿದ್ದವರು ಈ ಊರಿನ ಮೊದಲ ಬೀದಿ ಕಲಾವಿದರು. ಅವರ ಪ್ರೊಸೆಸ್ಸನ್ನು ಯಾರೂ ವಿಚಾರಿಸಲಿಲ್ಲ; ಶುಕ್ರವಾರದೊಳಗೆ ಮುಗಿಯುತ್ತದೆಯೇ ಎಂದಷ್ಟೇ ಕೇಳಿದರು. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತು. 2009ರ ಸುಮಾರಿಗೆ ಬಿಬಿಎಂಪಿ ಅವರಲ್ಲಿ ಕೆಲವರನ್ನು ಕರೆದು ರಸ್ತೆ ಬದಿಯ ಗೋಡೆಗಳಿಗೆ ಹಂಪಿಯ ಕಲ್ಲಿನ ರಥ, ಜೋಗ, ಯಕ್ಷಗಾನ, ಹುಲಿ ಬರೆಸಿದಾಗ ನಗರದ ಕಲಾರಸಿಕರು ಮೂಗು ಮುರಿದರು. ಹುಲಿಗೆ ಪರ್ಸ್‌ಪೆಕ್ಟಿವ್ ಇರಲಿಲ್ಲವಂತೆ. ಅದೇ ಹುಲಿ ಕುಶನ್ ಕವರಿನ ಮೇಲೆ ಬಂದಾಗ ಅವರೇ ದುಡ್ಡು ಕೊಟ್ಟು ಮನೆಗೆ ಒಯ್ದರು.

ನಮ್ಮಲ್ಲಿ 1981ರ ಒಂದು ಕಾಯಿದೆ ಇದೆ: ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯಿದೆ. ಅನುಮತಿಯಿಲ್ಲದೆ ಗೋಡೆಯ ಮೇಲೆ ಬರೆದರೆ ಅಪರಾಧ. ಅದೇ ಗೋಡೆಗೆ ಕಂಪನಿಯೊಂದು ಬಣ್ಣದ ಖರ್ಚು ಕೊಟ್ಟು ಮೂಲೆಯಲ್ಲಿ ತನ್ನ ಲೋಗೊ ಹಾಕಿಸಿಕೊಂಡರೆ ಸೌಂದರ್ಯೀಕರಣ. ಉದ್ಘಾಟನೆಗೆ ಜನಪ್ರತಿನಿಧಿ ಬರುತ್ತಾರೆ. ಗೋಡೆಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ವಾರದಲ್ಲಿ ಅದರ ಕೆಳಭಾಗದಲ್ಲಿ ನಿಂತು ಒದ್ದೆ ಮಾಡುವವರಿಗೂ ಗೊತ್ತಾಗುವುದಿಲ್ಲ.

ಈ ಗೊಂದಲ ನಮ್ಮದು ಮಾತ್ರವಲ್ಲ. ಕೀತ್ ಹ್ಯಾರಿಂಗ್ ಎಂಬಾತ 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ, ಜಾಹೀರಾತಿಗೆಂದು ಖಾಲಿ ಬಿಟ್ಟ ಕರಿ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಪೊಲೀಸರ ಕೈಗೆ ಮತ್ತೆ ಮತ್ತೆ ಸಿಕ್ಕಿಬಿದ್ದ. ಕಾಸ್ ಎಂಬ ಹೆಸರಿನಲ್ಲಿ ಬರೆಯುವ ಬ್ರಯಾನ್ ಡಾನೆಲಿ 1990ರ ದಶಕದಲ್ಲಿ ಬಸ್ ತಂಗುದಾಣಗಳ ಫ್ಯಾಷನ್ ಜಾಹೀರಾತುಗಳನ್ನು ಹೊರತೆಗೆದು, ಮಾಡೆಲ್‌ಗಳ ಮೇಲೆ ತನ್ನ ವಿಚಿತ್ರ ಬುರುಡೆ ಬರೆದು, ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದ. ಜಾಹೀರಾತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದು ಎಲ್ಲರೂ ಮೆಚ್ಚಿದರು. ಈಗ ಫ್ಯಾಷನ್ ಕಂಪನಿಗಳು ಅವನ ಬುರುಡೆಯನ್ನೇ ಜಾಹೀರಾತು ಮಾಡಿಕೊಂಡಿವೆ. 2019ರ ಜೂನ್‌ನಲ್ಲಿ ಯುನಿಕ್ಲೋ ಅವನ ಟೀ ಶರ್ಟನ್ನು ಚೀನಾದ ಅಂಗಡಿಗಳಲ್ಲಿ 99 ಯುವಾನಿಗೆ ಇಟ್ಟಾಗ ಜನ ಅರ್ಧ ತೆರೆದ ಷಟರಿನಡಿ ನುಸುಳಿ, ಒಬ್ಬರನ್ನೊಬ್ಬರು ಕೆಡವಿ, ಕಿಟಕಿಯ ಗೊಂಬೆಗಳ ಮೈಮೇಲಿನ ಅಂಗಿಯನ್ನೂ ಕಿತ್ತುಕೊಂಡು ಹೋದರು. ಬೀದಿ ಸಂಸ್ಕೃತಿ ಅಂಗಡಿಯೊಳಗೆ ಬಂದದ್ದು ಅಂದೇ ನಿಜ.

ಇನ್ನು ಸುಪ್ರೀಮ್. 1994ರಲ್ಲಿ ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ ಸ್ಕೇಟ್‌ಬೋರ್ಡ್ ಹುಡುಗರಿಗಾಗಿ ತೆರೆದ ಅಂಗಡಿ. 2016ರಲ್ಲಿ ತನ್ನ ಹೆಸರು ಒತ್ತಿದ ಇಟ್ಟಿಗೆಯೊಂದನ್ನು ಸುಮಾರು 30 ಡಾಲರಿಗೆ ಮಾರಿತು, ಖರ್ಚಾಯಿತು, ಕೊಂಡವರು ಅದನ್ನು ಇನ್ನೂ ಹೆಚ್ಚಿಗೆ ಮಾರಿದರು. ಇಟ್ಟಿಗೆಯ ಬಗ್ಗೆ ನನ್ನ ತಕರಾರಿಲ್ಲ. ಇಷ್ಟೆಲ್ಲ ನಡೆದೂ ಯಾರೂ ಅದನ್ನು ಎತ್ತಿ ಎಸೆಯಲಿಲ್ಲ ಎಂಬುದೇ ಬೆರಗು. ನೋಡಬೇಕಾದದ್ದು ಅದರ ಹಿಂದಿನ ಕಥೆ. 2000ದಲ್ಲಿ ಈ ಅಂಗಡಿ ಲೂಯಿ ವಿಟಾನ್‌ನ ಪ್ರಸಿದ್ಧ ಅಕ್ಷರ ಚಿತ್ತಾರವನ್ನು ಹೋಲುವ ಚಿತ್ತಾರವನ್ನು ಸ್ಕೇಟ್‌ಬೋರ್ಡ್ ಹಲಗೆಗಳ ಮೇಲೆ ಹಾಕಿತ್ತು. ಪ್ಯಾರಿಸ್ಸಿನಿಂದ ವಕೀಲರ ನೋಟಿಸು ಬಂತು, ಹಲಗೆಗಳು ಅಂಗಡಿಯಿಂದ ಮಾಯವಾದವು. 2017ರ ಜನವರಿಯಲ್ಲಿ ಅದೇ ಪ್ಯಾರಿಸ್ಸಿನಲ್ಲಿ, ಅದೇ ಲೂಯಿ ವಿಟಾನ್‌ನ ರ‍್ಯಾಂಪಿನ ಮೇಲೆ, ಅದೇ ಎರಡು ಗುರುತು ಒಂದೇ ಕೆಂಪು ಪೆಟ್ಟಿಗೆಯ ಮೇಲೆ ಕೂಡಿ ಬಂದವು. ಈ ಬಾರಿ ನೋಟಿಸಿಲ್ಲ. ಹದಿನೇಳು ವರ್ಷದಲ್ಲಿ ಹಲಗೆಯ ಮೇಲಿನ ಅಪರಾಧ ಪೆಟ್ಟಿಗೆಯ ಮೇಲಿನ ಐತಿಹಾಸಿಕ ಘಟನೆಯಾಗಲು ಕಾರಣ ಸರಳ: ಅಷ್ಟರಲ್ಲಿ ಸುಪ್ರೀಮ್‌ಗೆ ದುಡ್ಡು ಬಂದಿತ್ತು. ಅಂದಿನಿಂದ ಅದು ಕೈ ಬದಲಿಸುತ್ತಲೇ ಇದೆ. 2020ರಲ್ಲಿ 210 ಕೋಟಿ ಡಾಲರಿಗೆ ಅದನ್ನು ಕೊಂಡವರು 2024ರಲ್ಲಿ 150 ಕೋಟಿಗೆ ಕೈತೊಳೆದುಕೊಂಡರು. ಈಗ ಅದು ರೇಬಾನ್ ಕನ್ನಡಕ ಮಾಡುವವರದು. ಕಡೆಗೂ ಬೆಲೆ ಸ್ವಲ್ಪ ಸರಿಯಾಗಿ ಕಾಣಿಸಿತು ಅನ್ನಿ.

ಸುಪ್ರೀಮ್‌ಗೆ ಹದಿನೇಳು ವರ್ಷ ಸಾಕಾಯಿತು. ಒಬ್ಬ ಕಪ್ಪು ದರ್ಜಿಗೆ ಅಷ್ಟು ಸಾಕಾಗಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ 125ನೇ ಬೀದಿಯಲ್ಲಿ 1982ರಲ್ಲಿ ಡ್ಯಾಪರ್ ಡ್ಯಾನ್ ಅಂಗಡಿ ತೆರೆದಾಗ ಅದು ಹಗಲೂ ರಾತ್ರಿ ಬಾಗಿಲು ಹಾಕುತ್ತಿರಲಿಲ್ಲ. ರ‍್ಯಾಪ್ ಹಾಡುಗಾರರು, ಬಾಕ್ಸರುಗಳು, ಮಾದಕವಸ್ತು ಮಾರುವವರು ಅವನ ಗಿರಾಕಿಗಳು. ಐಷಾರಾಮಿ ಅಂಗಡಿಗಳಿಗೆ ಹೋದರೆ ಕಾವಲುಗಾರ ಹಿಂದೆಯೇ ಬರುತ್ತಿದ್ದ ಕಾಲ ಅದು. ಡ್ಯಾನ್ ಆ ಅಂಗಡಿಗಳ ಗುರುತುಗಳನ್ನೇ ಚರ್ಮದ ಮೇಲೆ ಅಚ್ಚೊತ್ತಿ, ಅವು ಕನಸಿನಲ್ಲೂ ಹೊಲಿಯದಂಥ ಜಾಕೆಟ್ಟುಗಳನ್ನು ಹೊಲಿದ. ಕೆಲವಕ್ಕಂತೂ ಬಟ್ಟೆ ಹೊಲಿಯುವ ಮಾತೇ ಇರಲಿಲ್ಲ. ಲೂಯಿ ವಿಟಾನ್ ಆಗ ಚೀಲ, ಪೆಟ್ಟಿಗೆ ಮಾರುತ್ತಿತ್ತೇ ಹೊರತು ಸಿದ್ಧ ಉಡುಪಿಗೆ ಇಳಿದದ್ದು 1990ರ ದಶಕದ ಕೊನೆಯಲ್ಲಿ. ಅಂದರೆ ಆ ಕಂಪನಿಯ ಬಟ್ಟೆಯನ್ನು ಅದಕ್ಕಿಂತ ಮೊದಲೇ ಹೊಲಿದ ಅಪರಾಧಿ ಈತ. ದಾಳಿಗಳಾದವು, ಮಾಲು ಜಪ್ತಿಯಾಯಿತು, 1992ರಲ್ಲಿ ಅಂಗಡಿ ಮುಚ್ಚಿತು. ಈ ದಾಳಿಗಳಲ್ಲಿ ಫೆಂಡಿ ಕಂಪನಿಯ ಪರ ವಕೀಲರಾಗಿದ್ದ ಸೋನಿಯಾ ಸೊಟೊಮಾಯೋರ್ 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ದರ್ಜಿ ಕಣ್ಮರೆಯಾಗಿ ಹೊಲಿಯುತ್ತ ಉಳಿದ.

2017ರಲ್ಲಿ ಗುಚ್ಚಿ ಕಂಪನಿ ಫ್ಲಾರೆನ್ಸಿನ ರ‍್ಯಾಂಪಿನ ಮೇಲೆ ಉಬ್ಬು ತೋಳಿನ ಒಂದು ಜಾಕೆಟ್ಟು ತೋರಿಸಿತು. ಅದು 1989ರಲ್ಲಿ ಡ್ಯಾನ್ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ ಹೊಲಿದ ಜಾಕೆಟ್ಟಿನ ಪಡಿಯಚ್ಚು. ಲೂಯಿ ವಿಟಾನ್ ಗುರುತಿನ ಜಾಗದಲ್ಲಿ ಗುಚ್ಚಿ ಗುರುತು ಕೂತಿತ್ತು, ಅಷ್ಟೇ. ಒಬ್ಬನನ್ನು ನಕಲುಗಾರನೆಂದು ಓಡಿಸಿದ ಲೋಕ ಆ ನಕಲಿನ ನಕಲು ಮಾಡಿ ಸಿಕ್ಕಿಬಿತ್ತು. ಇಂಟರ್ನೆಟ್ಟಿನಲ್ಲಿ ಗದ್ದಲವೆದ್ದಾಗ ಕಂಪನಿ ಇದು ಗೌರವಾರ್ಪಣೆ ಎಂದಿತು. ಗೌರವವನ್ನು ಹೆಸರು ಹೇಳದೆ, ಹೇಳಿಕೆ ಕೇಳಿದ ಮೇಲೆ ಅರ್ಪಿಸುವ ಪದ್ಧತಿ ಇಟಲಿಯಲ್ಲಿರಬಹುದು. ಆಮೇಲೆ ಮಾತುಕತೆಯಾಗಿ, 2018ರಲ್ಲಿ ಗುಚ್ಚಿಯ ನೆರವಿನಿಂದಲೇ ಹಾರ್ಲೆಮ್‌ನಲ್ಲಿ ಡ್ಯಾನ್‌ನ ಹೊಸ ಅಂಗಡಿ ತೆರೆಯಿತು. ಮುಚ್ಚಿದ್ದು 1992, ರಾಜಿಯಾದದ್ದು 2017. ಇಪ್ಪತ್ತೈದು ವರ್ಷ.

ಇಂಥ ದಾಖಲೆಗಳನ್ನು ಓದಿ ನನಗೆ ಕಂಡ ನಿಯಮ ಇಷ್ಟು. ಕೆಳಗಿನವನು ಮೇಲಿನವನಿಂದ ತೆಗೆದುಕೊಂಡರೆ ಕಳವು. ಮೇಲಿನವನು ಕೆಳಗಿನವನಿಂದ ತೆಗೆದುಕೊಂಡರೆ ಸ್ಫೂರ್ತಿ. ಸಿಕ್ಕಿಬಿದ್ದರೆ ಗೌರವಾರ್ಪಣೆ. ಗಲಾಟೆ ಜೋರಾದರೆ ಕೊಲ್ಯಾಬರೇಷನ್.

ಗಲಾಟೆ ಜೋರಾಗದೆ ಹೋದರೆ? 2018ರಲ್ಲಿ ಎಚ್ ಅಂಡ್ ಎಂ ಆ ಪ್ರಯೋಗವನ್ನೂ ಮಾಡಿ ನೋಡಿತು. ನ್ಯೂಯಾರ್ಕಿನ ಗೋಡೆಯೊಂದರಲ್ಲಿ ರೆವೋಕ್ ಎಂಬಾತ ಬರೆದ ಚಿತ್ತಾರದ ಮುಂದೆ ಮಾಡೆಲ್ ನಿಲ್ಲಿಸಿ ಜಾಹೀರಾತು ತೆಗೆದಿತ್ತು. ಅವನು ಪ್ರಶ್ನಿಸಿದಾಗ ಕಂಪನಿಯೇ ಕೋರ್ಟಿಗೆ ಹೋಗಿ, ಅಕ್ರಮವಾಗಿ ಬರೆದ ಗೋಡೆಬರಹಕ್ಕೆ ಹಕ್ಕುಸ್ವಾಮ್ಯವೇ ಇಲ್ಲವೆಂದು ಘೋಷಿಸಿ ಎಂದಿತು. ಕಾನೂನುಬಾಹಿರ ಚಿತ್ರದ ಎದುರು ಕಾನೂನುಬದ್ಧ ಅಂಗಿ ಮಾರಬಹುದು ಎಂಬುದು ಸಾರ. ಜಗತ್ತಿನ ಗೋಡೆ ಬರೆಯುವವರೆಲ್ಲ ತಿರುಗಿಬಿದ್ದ ಮೇಲೆ ದಾವೆ ಹಿಂತೆಗೆದುಕೊಂಡಿತು. ಬೀದಿ ಕಲಾವಿದ ಬ್ಯಾಂಕ್ಸಿ ಕೋರ್ಟಿನ ಉಸಾಬರಿಗೇ ಹೋಗಲಿಲ್ಲ. 2022ರ ನವೆಂಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಬೀದಿಯ ಗೆಸ್ ಅಂಗಡಿ ತನ್ನನ್ನು ಕೇಳದೆ ತನ್ನ ಚಿತ್ರಗಳ ಬಟ್ಟೆ ಇಟ್ಟಿದೆ ಎಂದವನೇ, ಅಂಗಡಿಗಳ್ಳರೆಲ್ಲ ದಯವಿಟ್ಟು ಅಲ್ಲಿಗೆ ಹೋಗಿ ಎಂದು ಇನ್‌ಸ್ಟಾಗ್ರಾಮಿನಲ್ಲಿ ವಿಳಾಸ ಕೊಟ್ಟ. ಅಂಗಡಿಯವರು ಕಿಟಕಿಗೆ ಪರದೆ ಎಳೆದರು. ಹಕ್ಕುಸ್ವಾಮ್ಯದ ಇಷ್ಟು ಶೀಘ್ರ ಜಾರಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇದೆಲ್ಲ ದೂರದ ಊರಿನ ಮಾತು ಎಂದು ಕಾಲು ಚಾಚಿ ಕೂತಿದ್ದೆವು. ಆಗ ಕಾಲಿಗೇ ಬಂತು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಮಾಡೆಲ್‌ಗಳು ನಡೆದು ಬಂದಾಗ ಅವರ ಕಾಲಲ್ಲಿದ್ದದ್ದು ಉಂಗುಷ್ಠದ ಕುಣಿಕೆ, ಹೆಣೆದ ಪಟ್ಟಿ ಸಮೇತ ನಮ್ಮ ಕೊಲ್ಹಾಪುರಿ. ವಿವರಣೆಯಲ್ಲಿ ಬರೀ ‘ಲೆದರ್ ಸ್ಯಾಂಡಲ್’. ಭಾರತ ಸಿಟ್ಟಾಯಿತು. ವರ್ಷಗಳಿಂದ ಬಾಟಾ ಹಾಕಿ ಅಭ್ಯಾಸವಾದವರೂ ಸಿಟ್ಟಾದರು. ಮೇಲಿನ ನಿಯಮದಂತೆ ಕಂಪನಿ ಸ್ಫೂರ್ತಿಯನ್ನು ಒಪ್ಪಿಕೊಂಡಿತು, ತಂಡವೊಂದು ಕೊಲ್ಹಾಪುರಕ್ಕೆ ಬಂದು ಕುಶಲಕರ್ಮಿಗಳ ಕೋಣೆಗಳನ್ನು ನೋಡಿ ಹೋಯಿತು. ಅದೂ ಸ್ಟುಡಿಯೋ ಭೇಟಿಯೇ. ಬಟ್ಟೆ ಚೀಲ ಮಾತ್ರ ಇರಲಿಲ್ಲ.

ಇಲ್ಲಿ ನಮ್ಮ ರಾಜ್ಯದ ನಿದ್ದೆಯನ್ನೂ ಹೇಳಬೇಕು. ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗಿನಲ್ಲಿ ಎಂಟು ಜಿಲ್ಲೆಗಳಿವೆ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಆ ಕಡೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ಕಡೆ. ಬೆಳಗಾವಿಗಾಗಿ ಮಹಾರಾಷ್ಟ್ರ ಹೂಡಿದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅಷ್ಟು ಜಗಳದ ನಡುವೆ ಎರಡೂ ರಾಜ್ಯ ಒಟ್ಟಿಗೆ ಕಾಲು ತೂರಿಸಿದ್ದು ಈ ಚಪ್ಪಲಿಯೊಳಗೆ ಮಾತ್ರ. ಆದರೆ ಮಿಲಾನ್ ಸುದ್ದಿಯಾದಾಗ ಕ್ಯಾಮೆರಾಗಳೆಲ್ಲ ಕೊಲ್ಹಾಪುರಕ್ಕೆ ಓಡಿದವು. ಅಥಣಿ, ನಿಪ್ಪಾಣಿಗಳ ಹೆಸರು ನಮ್ಮವರ ಬಾಯಿಗೂ ತಡವಾಗಿ ಬಂತು. ಹೆಸರು ಕಳೆದುಕೊಳ್ಳುವ ವಿದ್ಯೆಯನ್ನು ನಮಗೆ ಇಟಲಿಯವರು ಕಲಿಸಬೇಕಾಗಿಲ್ಲ.

ಈ ಚಪ್ಪಲಿ ಹೇಗಾಗುತ್ತದೆ ಎಂಬುದನ್ನು ನೋಡಿದರೆ ಪ್ರೊಸೆಸ್ ಕೇಳುವವರಿಗೆ ಒಂದು ದಿನದ ಮೇವು ಸಿಗುತ್ತದೆ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ ಹದ ಮಾಡುತ್ತಾರೆ. ಅಟ್ಟೆಯ ಮೇಲೆ ಅಟ್ಟೆ ಇಟ್ಟು ಚರ್ಮದ ದಾರದಲ್ಲೇ ಹೊಲಿಯುತ್ತಾರೆ, ಮೊಳೆಯಿಲ್ಲ. ಸಣ್ಣ ಹೆಣಿಗೆ, ತೂತಿನ ಚಿತ್ತಾರ ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಮಾಡುವವರು ಸಮಗಾರರು, ಢೋರರು. ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡು ಎಂದ ಊರು ಅದನ್ನು ಮಾಡಿದವನನ್ನೂ ಅಲ್ಲೇ ಬಿಟ್ಟಿತು. ನಮ್ಮ ನಾಡಿನ ಅತಿ ಲಿಮಿಟೆಡ್ ಎಡಿಷನ್ ಬಂದದ್ದೂ ಇದೇ ಕೈಗಳಿಂದ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂದು ಕಥೆ ಹೇಳುತ್ತದೆ. ಒಂದೇ ಜೋಡಿ. ಲೋಗೊ ಇಲ್ಲ. ಗಿರಾಕಿ ಅದನ್ನು ಮೆಟ್ಟಲು ಒಪ್ಪದೆ ತಲೆಯ ಮೇಲಿಟ್ಟುಕೊಂಡ. ಇವತ್ತಿನ ಮಾರ್ಕೆಟಿಂಗ್ ವಿಭಾಗಕ್ಕೆ ಅಂಥ ಗಿರಾಕಿಯಿಂದ ಉಪಯೋಗವಿಲ್ಲ. ಕಾಲಿನ ಫೋಟೊ ಹಾಕುವುದಿಲ್ಲ.

2025ರ ಡಿಸೆಂಬರಿನಲ್ಲಿ ಪ್ರಾಡಾ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್‌ಕರ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೆ ಬಂತು. ಸುಮಾರು 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ, ಜಗತ್ತಿನ 40 ಅಂಗಡಿಗಳಲ್ಲಿ ಮಾರಾಟ ಎಂದು ಪ್ರಕಟಿಸಿತು. ರೂಪಾಯಿಗೆ ಇಳಿಸಿದರೆ ಎಂಬತ್ತು ಸಾವಿರ ದಾಟುತ್ತದೆ. ಕುಶಲಕರ್ಮಿಗಳಿಗೆ ತರಬೇತಿಯೂ ಉಂಟು, ಕೆಲವರಿಗೆ ಪ್ರಾಡಾದ ಇಟಲಿ ಅಕಾಡೆಮಿಯಲ್ಲಿ ಕೆಲಕಾಲ ಕಳೆಯುವ ಅವಕಾಶವೂ ಉಂಟು. ತಲೆಮಾರುಗಳಿಂದ ಇದನ್ನೇ ಮಾಡಿದವರಿಗೆ ಇಟಲಿಯವರು ಇದನ್ನು ಕಲಿಸುವ ದೃಶ್ಯ ನೋಡಲು ನಾನೂ ಟಿಕೆಟ್ ಕೊಂಡೇನು. ಆದರೂ ಆರು ತಿಂಗಳಲ್ಲಿ ರಾಜಿಯಾದದ್ದು ದಾಖಲೆಯೇ. ಹಾರ್ಲೆಮ್‌ನ ದರ್ಜಿಗೆ ಈ ವೇಗದ ಭಾಗ್ಯವಿರಲಿಲ್ಲ. ಅವನ ಕಾಲದಲ್ಲಿ ಇಂಟರ್ನೆಟ್ಟಿರಲಿಲ್ಲ, ಅವನ ಹಿಂದೆ ಎರಡು ಸರ್ಕಾರಗಳೂ ಇರಲಿಲ್ಲ. ಈ ಎಂಬತ್ತು ಸಾವಿರದಲ್ಲಿ ಹೆಣಿಗೆ ಹಾಕಿದ ಹೆಂಗಸಿಗೆ ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಸಂಭ್ರಮದ ನಡುವೆ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಅದೇ ಸ್ಟುಡಿಯೋ ಭೇಟಿಯ ಮಂದಿ ಪುಣೆ ಹೆದ್ದಾರಿಯಲ್ಲಿ ನಿಪ್ಪಾಣಿ ಬಳಿ ಕಾರು ನಿಲ್ಲಿಸುತ್ತಾರೆ. ಸಾವಿರದಿನ್ನೂರು ಎಂದ ಜೋಡಿಯನ್ನು ಎಂಟು ನೂರಕ್ಕೆ ಕೇಳುತ್ತಾರೆ. ಸಂಖ್ಯೆ ಅದೇ, ಯೂರೋ ಅಲ್ಲ ಅಷ್ಟೆ. ಮೆಟ್ಟಿ ನಾಲ್ಕು ಹೆಜ್ಜೆ ನಡೆದು, ಕರಕರ ಸದ್ದು ಕೇಳಿಸಿಕೊಂಡು, ‘ಪ್ರಾಡಾದ್ದು ಇನ್ನೂ ಸ್ಲಿಮ್ ಇದೆಯಲ್ಲ, ಆ ಮಾಡೆಲ್ ಇಲ್ವಾ?’ ಎನ್ನುತ್ತಾರೆ. ಗಿರಾಕಿ ಕೇಳಿದ ಮೇಲೆ ಮಾಡಿಕೊಡದೆ ಇರಲಾಗುತ್ತದೆಯೇ? ಇನ್ನು ಕೆಲವೇ ದಿನಗಳಲ್ಲಿ ಅಲ್ಲಿ ‘ಪ್ರಾಡಾ ಮಾಡೆಲ್ ಸಿಗುತ್ತದೆ’ ಎಂಬ ಬೋರ್ಡು ನೇತಾಡುತ್ತದೆ. ಆಮೇಲೆ ಒಂದು ದಿನ ನಮ್ಮ ಟ್ರೇಡ್‌ಮಾರ್ಕ್ ನಕಲು ಮಾಡಿದ್ದೀರಿ ಎಂದು ವಕೀಲರ ಇಂಗ್ಲಿಷ್ ಲಕೋಟೆ ಆ ಮಾಡೆಲ್ ಹೊಲಿದ ಅಥಣಿಯ ಮುದುಕನೊಬ್ಬನಿಗೆ ಬಂದರೂ ನನಗೆ ಆಶ್ಚರ್ಯವಾಗದು. ಅದನ್ನು ಓದಿ ಹೇಳಲು ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕರೆಯುತ್ತಾನೆ. ಆಗ ನಾನು ಎದುರಿಗಿದ್ದರೆ ‘ಸುಪ್ರೀಮ್‌ನವರು ಹದಿನೇಳು ವರ್ಷ ಕಾದರು, ಹಾರ್ಲೆಮ್‌ನಾತ ಇಪ್ಪತ್ತೈದು ಕಾದ, ಕಾದರೆ ನೋಟಿಸು ಕೊಟ್ಟವರೇ ನೆಂಟರಾಗಿ ಬರುತ್ತಾರೆ ಯಜಮಾನರೇ’ ಎಂದು ಸಮಾಧಾನ ಹೇಳುತ್ತಿದ್ದೆ. ಮುದುಕ ಹೇಳುವುದೂ ಗೊತ್ತು: ‘ಆತ್ರೀ ಸಾಹೇಬ್ರ, ಚಪ್ಪಲಿ ಅಲ್ಲೀತನಕಾ ಬಾಳಿಕಿ ಬರ್ತೈತಿ, ಅದಕ್ಕ ನಂದು ಗ್ಯಾರಂಟಿ. ನನ್ನ ಗ್ಯಾರಂಟಿ ಯಾರು ಕೊಡ್ತಾರ್ರಿ?’